ನೆಲದಡಿಯಿಂದ ಬರುವ ಗಾಳಿ: ರೇಡಾನ್ ಮತ್ತು ಹಳೆಯ ಬೆಂಗಳೂರಿನ ಮನೆಗಳು



ವಿಜ್ಞಾನದ ಒಂದು ವಿಷಯವನ್ನು ಕನ್ನಡದಲ್ಲಿ, ಮನೆಮಂದಿಗೆಲ್ಲ ಉಪಯೋಗವಾಗುವಂತೆ ಹೇಳಬೇಕು ಎಂಬುದು ಈ ಉಪನ್ಯಾಸವನ್ನು ಏರ್ಪಡಿಸಿರುವ ದತ್ತಿಯ ಆಶಯ. ಚಾಮರಾಜಪೇಟೆಗೆ ಇದು ಹೊಸದೇನಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಇಲ್ಲಿಯ ಕನ್ನಡ ಸಾಹಿತ್ಯ ಪರಿಷತ್ತನ್ನು ಕಟ್ಟಿದವರಲ್ಲೊಬ್ಬರು. ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನೇ ನಡೆಸಿದರು. ಅದೇ ವರ್ಷ ಮೈಸೂರು ಸೀಮೆಯ ಕಲ್ಲುಗಳ ವಿಕಿರಣದ ಬಗ್ಗೆ ಇಲ್ಲಿಯವರೇ ಮಾಡಿದ ಒಂದು ಕೆಲಸ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ನಾನು ಇಂದು ಮಾತಾಡಬೇಕೆಂದಿರುವುದು ಆ ಕಲ್ಲುಗಳಿಂದ ಹೊರಡುವ ಒಂದು ಅನಿಲವನ್ನು ಕುರಿತು. ಅದರ ಹೆಸರು ರೇಡಾನ್.

ಮೊದಲೇ ಹೇಳಿಬಿಡುತ್ತೇನೆ: ನಿಮ್ಮನ್ನು ಹೆದರಿಸುವುದಕ್ಕೆ ನಾನು ಬಂದಿಲ್ಲ. ನಿಮ್ಮ ಮನೆಯ ನೆಲಮಹಡಿಯ ಮಲಗುವ ಕೋಣೆಯಲ್ಲಿ ಮೂರು ತಿಂಗಳ ಕಾಲ ಒಂದು ಚಿಕ್ಕ ಡಬ್ಬಿಯನ್ನು ತೂಗುಹಾಕಲು ಅವಕಾಶ ಕೊಡಿ ಎಂದು ಕೇಳುವುದಕ್ಕೆ ಬಂದಿದ್ದೇನೆ. ಯಾಕೆ ಕೇಳುತ್ತಿದ್ದೇನೆ ಎಂಬುದನ್ನು ವಿವರಿಸುವುದೇ ಈ ಉಪನ್ಯಾಸ.

ರೇಡಾನಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕೆಮ್ಮು ಬರಿಸುವುದಿಲ್ಲ, ಕಣ್ಣು ಉರಿಸುವುದಿಲ್ಲ. ಕಲ್ಲಿನಲ್ಲಿ, ಮಣ್ಣಿನಲ್ಲಿ ಎಲ್ಲ ಕಡೆಯೂ ಒಂದಿಷ್ಟು ಯುರೇನಿಯಂ ಇದ್ದೇ ಇದೆ. ಒಂದು ಟನ್ನು ಗ್ರಾನೈಟಿನಲ್ಲಿ ಸಾಮಾನ್ಯವಾಗಿ ಕೆಲವೇ ಗ್ರಾಂ. ಅದು ಬಹಳ ನಿಧಾನವಾಗಿ ಒಡೆಯುತ್ತದೆ. ಇರುವುದರಲ್ಲಿ ಅರ್ಧ ಒಡೆಯಲು ಸುಮಾರು 450 ಕೋಟಿ ವರ್ಷ ಬೇಕು. ಒಡೆಯುತ್ತ ಒಡೆಯುತ್ತ ಹಲವು ಮೆಟ್ಟಿಲು ಇಳಿದು ರೇಡಿಯಂ ಆಗುತ್ತದೆ, ರೇಡಿಯಂ ಒಡೆದು ರೇಡಾನ್ ಆಗುತ್ತದೆ. ಈ ವಂಶಾವಳಿಯಲ್ಲಿ ಅಲ್ಲಿಯವರೆಗಿನ ಎಲ್ಲರೂ ಘನವಸ್ತುಗಳು, ಕಲ್ಲಿನೊಳಗೇ ಸೆರೆ. ರೇಡಾನ್ ಮಾತ್ರ ಅನಿಲ. ಯಾವುದರ ಜೊತೆಗೂ ಸುಲಭವಾಗಿ ಕೂಡದ ಜಡಾನಿಲವಾದ್ದರಿಂದ ಕಲ್ಲಿನ ಬಿರುಕು, ಮಣ್ಣಿನ ಸಂದುಗಳಲ್ಲಿ ನುಸುಳಿ ಮೇಲಕ್ಕೆ ಬರುತ್ತದೆ. ಅದರ ಅರ್ಧಾಯುಷ್ಯ 3.8 ದಿನ. ಬಯಲಿಗೆ ಬಂದರೆ ಗಾಳಿಯಲ್ಲಿ ಚೆದುರಿ ಲೆಕ್ಕಕ್ಕೆ ಸಿಗದಷ್ಟು ತೆಳುವಾಗುತ್ತದೆ. ಮನೆಯೊಳಕ್ಕೆ ಬಂದರೆ ಸೇರಿಕೊಳ್ಳುತ್ತದೆ.

ಅಪಾಯ ಇರುವುದು ರೇಡಾನಿಗಿಂತ ಹೆಚ್ಚಾಗಿ ಅದರ ಮಕ್ಕಳಲ್ಲಿ. ಉಸಿರಿನ ಜೊತೆ ಒಳಗೆ ಹೋದ ರೇಡಾನ್ ಬಹುಪಾಲು ಹಾಗೆಯೇ ಉಸಿರಿನ ಜೊತೆ ಹೊರಬರುತ್ತದೆ. ಆದರೆ ಅದು ಒಡೆದು ಹುಟ್ಟುವ ಪೊಲೋನಿಯಂ, ಸೀಸ, ಬಿಸ್ಮತ್‌ಗಳು ಮತ್ತೆ ಘನವಸ್ತುಗಳು. ಕೋಣೆಯ ದೂಳಿನ ಕಣಕ್ಕೆ, ಊದುಬತ್ತಿಯ ಹೊಗೆಗೆ, ಸಿಗರೇಟಿನ ಹೊಗೆಗೆ ಅಂಟಿಕೊಂಡು ಶ್ವಾಸನಾಳದ ಒಳಗೋಡೆಯ ಮೇಲೆ ಕೂರುತ್ತವೆ. ಅವುಗಳ ಆಯುಷ್ಯ ನಿಮಿಷಗಳ ಲೆಕ್ಕದ್ದು. ದೇಹ ಅವನ್ನು ಹೊರಹಾಕುವ ಮೊದಲೇ ಒಡೆದು ಆಲ್ಫಾ ಕಣಗಳನ್ನು ಹೊಡೆಯುತ್ತವೆ. ಆಲ್ಫಾ ಕಣ ಒಂದು ಹಾಳೆ ಕಾಗದವನ್ನೂ ದಾಟಲಾರದು. ಚರ್ಮದ ಮೇಲೆ ಬಿದ್ದರೆ ಚಿಂತೆಯಿಲ್ಲ. ಶ್ವಾಸನಾಳದ ಒಳಗೆ ಚರ್ಮದ ರಕ್ಷೆ ಇಲ್ಲ. ಜೀವಂತ ಕೋಶಗಳಿಗೇ ನೇರವಾಗಿ ತಾಗುತ್ತದೆ, ಅವುಗಳ ಡಿಎನ್ಎಯನ್ನು ಹರಿಯುತ್ತದೆ.

ಅಳತೆಯ ಮಾನ ಬೆಕೆರೆಲ್. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕೆರೆಲ್. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದ್ದು, ಮನೆಯೊಳಗಿನ ಗಾಳಿಯಲ್ಲಿ ಘನ ಮೀಟರಿಗೆ 100 ಬೆಕೆರೆಲ್ ಮೀರದಿರಲಿ, ಅದು ಸಾಧ್ಯವೇ ಇಲ್ಲದ ದೇಶಗಳಲ್ಲಿ 300 ಅಂತೂ ಮೀರಕೂಡದು ಎಂದು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಹಿಡಿಯುತ್ತದೆ. 100ರ ಮಟ್ಟದಲ್ಲಿ ಆ ಕೋಣೆಯೊಳಗೆ ಪ್ರತಿ ಸೆಕೆಂಡಿಗೆ 2,800 ರೇಡಾನ್ ಪರಮಾಣುಗಳು ಒಡೆಯುತ್ತಿರುತ್ತವೆ. ಮನುಷ್ಯನಿಗೆ ಪ್ರಕೃತಿಯಿಂದ ವರ್ಷವಿಡೀ ಸಿಗುವ ವಿಕಿರಣದಲ್ಲಿ ಸರಿಸುಮಾರು ಅರ್ಧ ಪಾಲು ರೇಡಾನ್ ಬಳಗದ್ದು. ಅಣುಸ್ಥಾವರದ ಹೆಸರು ಕೇಳಿದರೆ ನಾವು ಬೆಚ್ಚುತ್ತೇವೆ. ಮಲಗುವ ಕೋಣೆಯ ವಿಕಿರಣದ ಬಗ್ಗೆ ಕೇಳಿಯೇ ಇರುವುದಿಲ್ಲ.

ಈಗ ನಮ್ಮ ನೆಲದ ವಿಷಯ. ಬಸವನಗುಡಿಯವರಿಗೆ ಬಂಡೆಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ದೊಡ್ಡಬಸವಣ್ಣ ಬಂಡೆಯಲ್ಲಿ ಕಡೆದದ್ದು, ದೊಡ್ಡಗಣಪತಿ ಬಂಡೆಯಲ್ಲಿ ಕಡೆದದ್ದು, ಪಕ್ಕದ ಬ್ಯೂಗಲ್ ರಾಕ್ ನೆಲದಿಂದ ಎದ್ದು ನಿಂತ ಬಂಡೆ. ಗವಿಪುರದ ಗಂಗಾಧರೇಶ್ವರ ಬಂಡೆಯ ಗವಿಯೊಳಗಿದ್ದಾನೆ. ಲಾಲ್‌ಬಾಗಿನ ಗುಡ್ಡವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದ್ದಾರೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯು. ಎಫ್. ಸ್ಮೀತ್ ಈ ಕಲ್ಲಿಗೆ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟರು. ದಕ್ಷಿಣ ಭಾರತದ ಬಹುಭಾಗಕ್ಕೆ ಇದೇ ಅಡಿಪಾಯ. ಪಶ್ಚಿಮಕ್ಕೆ ರಾಮನಗರದ ಕಡೆ ಹೋದರೆ ಕ್ಲೋಸ್‌ಪೇಟ್ ಗ್ರಾನೈಟು. ಅದು ಇದಕ್ಕಿಂತ ಚಿಕ್ಕ ವಯಸ್ಸಿನದು, ಸುಮಾರು 250 ಕೋಟಿ ವರ್ಷದ್ದು.

ಈ ಕಲ್ಲಿನಲ್ಲಿ ವಿಕಿರಣ ಎಷ್ಟಿದೆ ಎಂದು ಇಲ್ಲಿ ಕೇಳಿದವರು ಬಹಳ ಹಿಂದೆಯೇ ಇದ್ದರು. ಮಲ್ಲೇಶ್ವರಕ್ಕೆ ಆತುಕೊಂಡಿರುವ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬೆಂಗಳೂರೇ ತಕ್ಕ ಜಾಗ ಎಂದು ಸಲಹೆ ಕೊಟ್ಟವರು ಸರ್ ವಿಲಿಯಂ ರಾಮ್ಸೆ. ಅದರ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್. ಈ ಇಬ್ಬರೂ ಸೇರಿ 1898ರಲ್ಲಿ ನಿಯಾನ್, ಕ್ರಿಪ್ಟಾನ್, ಜೆನಾನ್ ಎಂಬ ಜಡಾನಿಲಗಳನ್ನು ಕಂಡುಹಿಡಿದವರು. ರೇಡಾನ್ ಆ ಮನೆತನದ್ದೇ. 1910ರಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ ಎನ್ನುವಷ್ಟು ಅಲ್ಪ ರೇಡಾನನ್ನು ಶೇಖರಿಸಿ ಅದರ ಸಾಂದ್ರತೆಯನ್ನು ಅಳೆದವರು ರಾಮ್ಸೆ ಮತ್ತು ವಿಟ್ಲಾ-ಗ್ರೇ. ಇನ್‌ಸ್ಟಿಟ್ಯೂಟಿನ ರಸಾಯನಶಾಸ್ತ್ರಜ್ಞ ಎಚ್. ಇ. ವಾಟ್ಸನ್ 1914ರಲ್ಲಿ ಜಿ. ಪಾಲ್ ಅವರೊಡನೆ ಕೋಲಾರ ಚಿನ್ನದ ಗಣಿಯ ಕಲ್ಲುಗಳ ವಿಕಿರಣವನ್ನು ಅಳೆದು ಪ್ರಕಟಿಸಿದರು. 1918ರಲ್ಲಿ ಅದೇ ವಾಟ್ಸನ್ ಮತ್ತು ಸ್ಮೀತ್ ಜೊತೆಗೂಡಿ ಮೈಸೂರು ಸಂಸ್ಥಾನದ ಪ್ರಾಚೀನ ಶಿಲೆಗಳ ವಿಕಿರಣದ ಬಗ್ಗೆ ಬರೆದರು. ಆರಂಭದಲ್ಲಿ ನಾನು ಹೇಳಿದ ಕೆಲಸ ಇದೇ. ಕಲ್ಲನ್ನು ಅಳೆಯುವ ಕೆಲಸ ಈ ಊರಲ್ಲಿ ನೂರು ವರ್ಷಕ್ಕೂ ಹಿಂದೆ ಶುರುವಾಯಿತು. ಆ ಕಲ್ಲಿನ ಮೇಲೆ ಕಟ್ಟಿದ ಮನೆಯ ಗಾಳಿಯನ್ನು ಅಳೆಯುವ ಕೆಲಸ ಮಾತ್ರ ಇನ್ನೂ ಮನೆಮನೆಗೆ ಬಂದಿಲ್ಲ.

ಈ ಗಾಳಿಯಿಂದ ಕೇಡಾಗುತ್ತದೆಂದು ಜಗತ್ತಿಗೆ ತಿಳಿದದ್ದು ಗಣಿಗಳಿಂದ. ಜರ್ಮನಿಯ ಷ್ನೀಬರ್ಗ್ ಗಣಿಯ ಕೆಲಸಗಾರರು ಎದೆರೋಗದಿಂದ ಸಾಯುತ್ತಿದ್ದರು. 1879ರಲ್ಲಿ ಹಾರ್ಟಿಂಗ್ ಮತ್ತು ಹೆಸ್ಸೆ ಎಂಬ ಇಬ್ಬರು ವೈದ್ಯರು ಅದು ಶ್ವಾಸಕೋಶದ ಗಂತಿ ಎಂದು ತೋರಿಸಿದರು. ಆಗಿನ್ನೂ ವಿಕಿರಣವೆಂಬುದೇ ಗೊತ್ತಿರಲಿಲ್ಲ. ಮನೆಗಳ ಕಡೆಗೆ ಗಮನ ಹರಿದದ್ದು ಇನ್ನೂ ನೂರು ವರ್ಷ ಕಳೆದ ಮೇಲೆ. 1984ರ ಡಿಸೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಕಟ್ಟುತ್ತಿದ್ದ ಒಂದು ಅಣುಸ್ಥಾವರದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರು ತಪಾಸಣೆಯ ಯಂತ್ರವನ್ನು ದಾಟಿದಾಗಲೆಲ್ಲ ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳುತ್ತಿತ್ತು. ಸ್ಥಾವರ ಇನ್ನೂ ಚಾಲೂ ಆಗಿರಲಿಲ್ಲ. ಹುಡುಕುತ್ತ ಹೋದರೆ ವಿಕಿರಣ ಬಂದಿದ್ದು ಅವರ ಮನೆಯಿಂದ. ಅಲ್ಲಿಯ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು ಒಂದು ಲಕ್ಷ ಬೆಕೆರೆಲ್. ಮನೆಯ ನೆಲದಡಿಯಿಂದ ಗಾಳಿಯನ್ನು ಹೊರಗೆಳೆಯುವ ಏರ್ಪಾಟು ಮಾಡಿದ ಮೇಲೆ ಆ ಕುಟುಂಬ ಅದೇ ಮನೆಗೆ ಹಿಂತಿರುಗಿತು. ಈ ಕೊನೆಯ ಸಂಗತಿಯನ್ನು ನೆನಪಿಡಿ, ಪರಿಹಾರದ ಮಾತು ಬಂದಾಗ ಬೇಕಾಗುತ್ತದೆ.

1988ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಾನನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು. 2005ರಲ್ಲಿ ಸಾರಾ ಡಾರ್ಬಿ ಮತ್ತು ಸಂಗಡಿಗರು ಯುರೋಪಿನ 13 ಅಧ್ಯಯನಗಳನ್ನು ಒಟ್ಟುಗೂಡಿಸಿ ಮನೆಗಳ ಲೆಕ್ಕ ಕೊಟ್ಟರು. ಘನ ಮೀಟರಿಗೆ 100 ಬೆಕೆರೆಲ್ ಏರಿದರೆ ಶ್ವಾಸಕೋಶದ ಕ್ಯಾನ್ಸರಿನ ಸಂಭವ ಸುಮಾರು ಶೇಕಡ 16ರಷ್ಟು ಏರುತ್ತದೆ. ಎಷ್ಟರ ಮೇಲೆ 16 ಎಂದು ಕೇಳಬೇಕು. ಎಂದೂ ಸಿಗರೇಟು ಮುಟ್ಟದ ಸಾವಿರ ಜನ ರೇಡಾನೇ ಇಲ್ಲದ ಮನೆಯಲ್ಲಿದ್ದರೆ 75 ವರ್ಷ ತುಂಬುವುದರೊಳಗೆ ನಾಲ್ಕು ಜನ ಈ ರೋಗದಿಂದ ಸಾಯುತ್ತಾರೆ. 100 ಬೆಕೆರೆಲ್ ಇದ್ದರೆ ಐದು ಜನ, 400 ಇದ್ದರೆ ಏಳು ಜನ. ಸೇದುವವರ ಲೆಕ್ಕ ಬೇರೆ: ಇದೇ ಮೂರು ಮಟ್ಟಗಳಲ್ಲಿ ಸಾವಿರಕ್ಕೆ 100, 120, 160. ಎಂದರೆ ರೇಡಾನಿನ ಪೆಟ್ಟು ಸೇದುವವರ ಮೇಲೆ ಅತಿ ಹೆಚ್ಚು. ಮನೆಯಲ್ಲಿ ಸೇದುವವರಿದ್ದರೆ ರೇಡಾನ್ ಪರೀಕ್ಷೆಗಿಂತ ಮೊದಲು ಸಿಗರೇಟು ಬಿಡಿಸಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ರೇಡಾನಿನ ಮೇಲೆ ಎಲ್ಲವನ್ನೂ ಹೊರಿಸಿ ಬೀಡಿ ಸಿಗರೇಟಿಗೆ ಮಾಫಿ ಕೊಡುವುದು ನನ್ನ ಉದ್ದೇಶವಲ್ಲ.

ಹಾಗಾದರೆ ಬೆಂಗಳೂರಿನ ಮನೆಗಳಲ್ಲಿ ಎಷ್ಟಿದೆ? ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣದ ಭೌತಶಾಸ್ತ್ರ ವಿಭಾಗದ ಕೆ. ನಾಗರಾಜ, ಎಲ್. ಎ. ಸತೀಶ ಮೊದಲಾದವರು ಭಾಭಾ ಅಣುಸಂಶೋಧನಾ ಕೇಂದ್ರದವರ ಸಹಯೋಗದಲ್ಲಿ ನಗರದ ಬೇರೆ ಬೇರೆ ಕಡೆ ಮನೆಗಳ ಗಾಳಿಯನ್ನು ಅಳೆದಿದ್ದಾರೆ. ಸರಾಸರಿ 100ಕ್ಕಿಂತ ಎಷ್ಟೋ ಕೆಳಗಿದೆ. ಸಂತೋಷದ ವಿಷಯ. ಆದರೆ ಸರಾಸರಿಯೊಳಗೆ ಯಾರೂ ವಾಸ ಮಾಡುವುದಿಲ್ಲ, ನಾವು ಇರುವುದು ಒಂದೊಂದು ಮನೆಯಲ್ಲಿ. ಅದೇ ಅಧ್ಯಯನಗಳಲ್ಲಿ ಇನ್ನೊಂದು ಸಂಗತಿ ಎದ್ದುಕಾಣುತ್ತದೆ: ಕೋಣೆಯ ಗಾತ್ರ ಕಡಿಮೆಯಾದಷ್ಟೂ ರೇಡಾನ್ ಹೆಚ್ಚು. ಗಾಳಿ ಓಡಾಡದ ಸಣ್ಣ ಜಾಗಗಳಲ್ಲಿ, ಬಚ್ಚಲಿನಂಥ ಕಡೆಗಳಲ್ಲಿ ನಡುಮನೆಗಿಂತ ಹೆಚ್ಚು.

ಇದನ್ನು ಓದಿದಾಗ ನನಗೆ ತಟ್ಟನೆ ಕಣ್ಣಮುಂದೆ ಬಂದದ್ದು ವಠಾರಗಳು. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ಹೊತ್ತಿಗೆ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಹುಟ್ಟಿದ್ದೇ ಗಾಳಿ ಬೆಳಕಿಗಾಗಿ. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತಂದು ಅಗಲ ರಸ್ತೆ, ಹಿಂದೆ ಮುಂದೆ ಖಾಲಿ ಜಾಗ, ಮನೆಗೆ ಹಿತ್ತಲು ಕೊಟ್ಟರು. ಆ ಕಾಲದ ದೊಡ್ಡ ಮನೆಗಳನ್ನು ನೋಡಿ. ಸೈಜುಗಲ್ಲಿನ ಪಾಯ, ಮಣ್ಣು ತುಂಬಿ ಗಾರೆ ಹಾಕಿ ಉಜ್ಜಿದ ಕೆಂಪು ನೆಲ, ಹನ್ನೆರಡು ಅಡಿ ಎತ್ತರದ ಮದ್ರಾಸ್ ತಾರಸಿ, ಗೋಡೆಯ ನೆತ್ತಿಯಲ್ಲಿ ಮುಚ್ಚಲಾಗದ ವೆಂಟಿಲೇಟರು. ನೆಲದಡಿ ಮಣ್ಣೇ ಇರುವುದರಿಂದ ರೇಡಾನ್ ಬರಲು ದಾರಿ ಧಾರಾಳ. ಹೋಗಲು ಅದಕ್ಕಿಂತ ಧಾರಾಳ. ಈ ಮನೆಗಳ ಹಿತ್ತಲಲ್ಲೇ ಆಮೇಲೆ ಬಾಡಿಗೆಗೆಂದು ಸಾಲುಮನೆಗಳು ಎದ್ದವು. ಒಂದು ಬಾಗಿಲು, ಒಂದು ಕಿಟಕಿ, ಕೋಣೆಯ ಹಿಂದೆ ಕೋಣೆ, ಕೊನೆಯಲ್ಲಿ ಕತ್ತಲ ಬಚ್ಚಲು. ಎರಡು ಕಡೆಯ ಗೋಡೆಯೂ ಪಕ್ಕದ ಮನೆಯದು. ಇಂಥ ಮನೆಗಳು ಇಂದಿಗೂ ಚಾಮರಾಜಪೇಟೆಯ ಅಡ್ಡರಸ್ತೆಗಳಲ್ಲಿ, ಮಲ್ಲೇಶ್ವರದ ಕನ್ಸರ್‌ವೆನ್ಸಿ ಓಣಿಗಳಲ್ಲಿ ಇವೆ. ಅಳತೆ ಮೊದಲು ಅಲ್ಲಿ ಆಗಬೇಕು ಎನ್ನುವುದು ನನ್ನ ಅಭಿಪ್ರಾಯ.

ಇನ್ನು ಸಂಜೆಯ ಅಭ್ಯಾಸ. ದೀಪ ಹಚ್ಚುವ ಹೊತ್ತಿಗೆ ಸೊಳ್ಳೆ ಬರುತ್ತದೆಂದು ಐದೂವರೆಗೇ ಕಿಟಕಿಗಳನ್ನೆಲ್ಲ ಮುಚ್ಚುತ್ತೇವೆ. ತೆರೆಯುವುದು ಮರುದಿನ ಬೆಳಗ್ಗೆ ಕಸ ಗುಡಿಸುವಾಗ. ಮೈಸೂರಿನಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯವರು ಮಾಡಿದ ಅಳತೆಗಳು ತೋರಿಸುವಂತೆ, ಹೊರಗಿನ ಗಾಳಿಯಲ್ಲೇ ರೇಡಾನ್ ನಸುಕಿನಲ್ಲಿ ಅತಿ ಹೆಚ್ಚು, ಮಧ್ಯಾಹ್ನ ಅತಿ ಕಡಿಮೆ. ರಾತ್ರಿ ನೆಲ ತಣ್ಣಗಾಗಿ ಗಾಳಿ ಅಲುಗಾಡದೆ ನಿಲ್ಲುವುದರಿಂದ ಹಾಗಾಗುತ್ತದೆ. ನಾವು ಕಿಟಕಿ ಮುಚ್ಚಿ ಮಲಗಿರುವ ಗಂಟೆಗಳೂ ಅದು ಸೇರಿಕೊಳ್ಳುವ ಗಂಟೆಗಳೂ ಒಂದೇ. ಕಿಟಕಿಗೆ ಮೆಶ್ ಹಾಕಿಸಿ ತೆರೆದಿಡಿ. ಸೊಳ್ಳೆಯೂ ಬರುವುದಿಲ್ಲ, ಗಾಳಿಯೂ ಆಡುತ್ತದೆ. ಈ ಊರಿನ ಹವೆಗೆ ಇದಕ್ಕಿಂತ ಅಗ್ಗದ ಪರಿಹಾರವಿಲ್ಲ.

ಗಾಳಿಯ ಅಂಕಿಗಳು ಸಮಾಧಾನ ಕೊಟ್ಟರೆ ನೀರಿನ ಅಂಕಿಗಳು ಕೊಡುವುದಿಲ್ಲ. ಭಾರತೀಯ ಭೂವೈಜ್ಞಾನಿಕ ಸಂಘದ ಕಚೇರಿ ಇಲ್ಲೇ ಗವಿಪುರದಲ್ಲಿದೆ. 1958ರಲ್ಲಿ ಸ್ಥಾಪನೆಯಾದ ಈ ಸಂಘವನ್ನೂ ಅದರ ಪತ್ರಿಕೆಯನ್ನೂ ದಶಕಗಳ ಕಾಲ ಬೆಳೆಸಿದವರು ನಮ್ಮ ಭೂವಿಜ್ಞಾನಿ ಬಿ. ಪಿ. ರಾಧಾಕೃಷ್ಣ. ಆ ಪತ್ರಿಕೆಯಲ್ಲಿ 2010ರಲ್ಲಿ ಹುನ್ಸೆ, ನಜೀಬ್ ಮತ್ತು ಸಂಗಡಿಗರು ಬೆಂಗಳೂರಿನ ಕೆಲವು ಭಾಗಗಳ ಕೊಳವೆಬಾವಿ ನೀರಿನಲ್ಲಿರುವ ರೇಡಾನ್ ಬಗ್ಗೆ ಬರೆದರು. ಅವರಿಗೆ ಸಿಕ್ಕಿದ್ದು ಲೀಟರಿಗೆ ಸುಮಾರು 56 ಬೆಕೆರೆಲ್‌ನಿಂದ 1,189 ಬೆಕೆರೆಲ್‌ವರೆಗೆ. ಅಮೆರಿಕದ ಪರಿಸರ ಸಂಸ್ಥೆ 1999ರಲ್ಲಿ ಸೂಚಿಸಿ ಇಂದಿಗೂ ಕಾಯಂ ಮಾಡದ ಮಿತಿ ಸುಮಾರು 11. ಯುರೋಪು 2013ರಲ್ಲಿ ಇಟ್ಟುಕೊಂಡ ಮಟ್ಟ 100. ಯಾವುದನ್ನು ಹಿಡಿದರೂ ಆ ಮೇಲಿನ ಅಂಕಿ ಬಹಳ ದೊಡ್ಡದು.

ನೀರು ಕುಡಿಯುವುದರಿಂದ ಆಗುವ ಕೇಡು ಸಣ್ಣದು. ಕುದಿಸಿದರೆ ರೇಡಾನ್ ಹಾರಿಹೋಗುತ್ತದೆ, ಬಿಂದಿಗೆಯಿಂದ ಬಿಂದಿಗೆಗೆ ಎತ್ತಿ ಸುರಿದರೂ ಬಹಳಷ್ಟು ಹೋಗುತ್ತದೆ. ಕಷ್ಟ ಏನೆಂದರೆ ಅದು ಹಾರಿಹೋಗುವುದು ಮನೆಯ ಗಾಳಿಗೆ. ಷವರಿನಲ್ಲಿ ಬಿಸಿನೀರು ಹನಿಹನಿಯಾಗಿ ಬೀಳುವಾಗ, ಬಟ್ಟೆ ಒಗೆಯುವ ಯಂತ್ರ ತಿರುಗುವಾಗ, ಪಾತ್ರೆ ತೊಳೆಯುವಾಗ ನೀರಿನಿಂದ ಬಿಡಿಸಿಕೊಂಡು ಕೋಣೆ ಸೇರುತ್ತದೆ. ಲೀಟರಿಗೆ 10 ಬೆಕೆರೆಲ್ ಇರುವ ನೀರನ್ನು ಮನೆಯಲ್ಲೆಲ್ಲ ಬಳಸಿದರೆ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 1 ಬೆಕೆರೆಲ್ ಏರುತ್ತದೆ ಎಂಬುದು ಸಾಮಾನ್ಯವಾಗಿ ಬಳಸುವ ಲೆಕ್ಕ. 1,189ರ ನೀರಿಗೆ ಈ ಲೆಕ್ಕ ಹಾಕಿ ನೋಡಿ: 119 ಬೆಕೆರೆಲ್. ನೆಲದಿಂದ ಏನೂ ಬರದಿದ್ದರೂ ಬರೀ ನೀರಿನಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ ಗೆರೆ ದಾಟಿತು. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಆ ಹೊತ್ತಿಗೆ ಇದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ.

ನಮ್ಮ ಹಳೆಯ ಬಡಾವಣೆಗಳಿಗೆ ಇಲ್ಲಿ ಒಂದು ಪುಣ್ಯವಿದೆ. 1896ರಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು, 1974ರಿಂದ ಕಾವೇರಿ. ಇವೆಲ್ಲ ಕೆರೆ, ಹೊಳೆಯ ನೀರು. ಬಯಲಿಗೆ ತೆರೆದುಕೊಂಡ ನೀರಿನಲ್ಲಿ ರೇಡಾನ್ ನಿಲ್ಲುವುದಿಲ್ಲ. ಕಾವೇರಿ ಕೊಳಾಯಿ ಒಂದೇ ಇರುವ ಮನೆಯವರು ನೀರಿನ ಚಿಂತೆ ಬಿಡಬಹುದು. ಆದರೆ ಹಳೆಯ ಒಂಟಿಮನೆ ಕೆಡವಿ ಹನ್ನೆರಡು ಫ್ಲಾಟ್ ಎದ್ದ ಕಡೆ ಕಾವೇರಿ ಸಾಲುವುದಿಲ್ಲ, ಬೋರ್ ಕೊರೆಸುತ್ತಾರೆ. ಬೋರು ಆಳಕ್ಕೆ ಹೋದಷ್ಟೂ ನೀರು ಬರುವುದು ಬಂಡೆಯ ಬಿರುಕುಗಳಿಂದ. ಅಲ್ಲಿ ನೀರಿಗೂ ಕಲ್ಲಿಗೂ ನಡುವೆ ಮಣ್ಣಿನ ಪದರವೂ ಇಲ್ಲ. ಬೋರಿನ ನೀರನ್ನು ನೇರ ನಲ್ಲಿಗೆ ಕೊಡದೆ, ಸಂಪಿಗೆ ಎತ್ತರದಿಂದ ಬೀಳುವಂತೆ ಬಿಟ್ಟು, ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರಿಸಿ, ಒಂದೆರಡು ದಿನ ನಿಂತ ಮೇಲೆ ಬಳಸಿದರೆ ರೇಡಾನಿನ ದೊಡ್ಡ ಪಾಲು ದಾರಿಯಲ್ಲೇ ಹೋಗಿರುತ್ತದೆ. ಸಂಪಿನ ಗಾಳಿಗಿಂಡಿ ಮಾತ್ರ ಬೇಸ್‌ಮೆಂಟಿನೊಳಕ್ಕೆ ಅಲ್ಲ, ಬಯಲಿಗೆ ತೆರೆದಿರಬೇಕು.

ಬೇಸ್‌ಮೆಂಟ್ ಎಂದೊಡನೆ ಒಂದು ಮಾತು ಹೇಳಲೇಬೇಕು. ಕಾರು ನಿಲ್ಲಿಸಲು ನೆಲಮಹಡಿಯನ್ನು ಕಂಬಗಳ ಮೇಲೆ ತೆರೆದು ಬಿಟ್ಟ ಕಟ್ಟಡದಲ್ಲಿ ಮೇಲಿನ ಮನೆಗಳಿಗೆ ನೆಲದ ರೇಡಾನ್ ತಲುಪುವುದು ಬಹಳ ಕಡಿಮೆ. ಆ ಫ್ಲಾಟಿನವರು ನಿಶ್ಚಿಂತೆಯಿಂದಿರಬಹುದು. ಆದರೆ ಅದೇ ಕಟ್ಟಡದ ಕೆಳಗೆ, ಮೆಟ್ಟಿಲಿನ ಅಡಿಯಲ್ಲಿ, ಸಂಪಿನ ಪಕ್ಕದಲ್ಲಿ, ಎಂಟಡಿಗೆ ಎಂಟಡಿಯ ಕೋಣೆಯೊಂದಿರುತ್ತದೆ. ಒಂದು ಪಕ್ಕ ಮಣ್ಣಿಗೆ ಆತುಕೊಂಡ ಗೋಡೆ, ಬಿರುಕು ಬಿಟ್ಟ ಸಿಮೆಂಟ್ ನೆಲ, ಕಿಟಕಿಯ ಬದಲು ಒಂದು ಜಾಲರಿ. ವಾಚ್‌ಮನ್ ಕುಟುಂಬ ಅಲ್ಲಿರುತ್ತದೆ. ಹೆಂಡತಿ ಮೇಲಿನ ಮನೆಗಳಲ್ಲಿ ಕೆಲಸ ಮುಗಿಸಿ ಬಂದು ಅಲ್ಲೇ ಅಡುಗೆ ಮಾಡುತ್ತಾಳೆ, ಮಕ್ಕಳು ಅಲ್ಲೇ ನೆಲದ ಮೇಲೆ ಹಾಸಿಕೊಂಡು ಮಲಗುತ್ತಾರೆ. ಇಡೀ ಕಟ್ಟಡದಲ್ಲಿ ರೇಡಾನ್ ಹೆಚ್ಚಿರುವ ಜಾಗ ಯಾವುದೆಂದು ಯಂತ್ರವಿಲ್ಲದೆಯೇ ಊಹಿಸಬಹುದು. ಅಪಾರ್ಟ್‌ಮೆಂಟ್ ಸಂಘದವರು ಬಣ್ಣ ಬಳಿಸಲು, ಲಿಫ್ಟು ರಿಪೇರಿಗೆ ದುಡ್ಡು ಎತ್ತುವಾಗ ಆ ಕೋಣೆಗೆ ಒಂದು ಎಕ್ಸಾಸ್ಟ್ ಫ್ಯಾನು ಹಾಕಿಸುವುದನ್ನೂ ಸೇರಿಸಿಕೊಳ್ಳಬೇಕು. ಸಾಧ್ಯವಾದರೆ ಆ ಕುಟುಂಬಕ್ಕೆ ನೆಲದ ಮೇಲೆ ಒಂದು ಕೋಣೆ ಕೊಡಬೇಕು.

ಗ್ರಾನೈಟಿನ ಬಗ್ಗೆ ಬಹಳ ಜನ ಕೇಳುತ್ತಾರೆ: ಅಡುಗೆಮನೆಯ ಕಟ್ಟೆಗೆ ಹಾಕಿಸಿದ ಕಲ್ಲು ತೆಗೆಸಬೇಕೆ? ಬೇಡ. ನಯಮಾಡಿದ ಚಪ್ಪಡಿಯಿಂದ ಹೊರಬೀಳುವ ರೇಡಾನ್ ಸಾಮಾನ್ಯವಾಗಿ ಅತ್ಯಲ್ಪ. ನೆಲದಡಿಯ ಮಣ್ಣಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ರೇಡಾನ್ ಗಾಳಿಗಿಂತ ಭಾರ, ಆದ್ದರಿಂದ ಕೆಳಗೆ ಕೂರುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. ಅಷ್ಟು ತೆಳುವಾಗಿ ಬೆರೆತ ಅನಿಲ ತೂಕದಿಂದ ಕೆಳಗೆ ಕೂರುವುದಿಲ್ಲ. ಕೆಳಮಹಡಿಯಲ್ಲಿ ಹೆಚ್ಚಿರುವುದು ಅದು ಹುಟ್ಟುವ ಜಾಗಕ್ಕೆ ಹತ್ತಿರ ಇರುವುದರಿಂದ.

ಈಗ ಪರೀಕ್ಷೆ. ನಾನು ಆರಂಭದಲ್ಲಿ ಹೇಳಿದ ಡಬ್ಬಿಯೊಳಗಿರುವುದು ಎಲ್‌ಆರ್-115 ಎಂಬ ಫಿಲ್ಮಿನ ಸಣ್ಣ ತುಂಡು. ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಕೆಂಪು ಬಣ್ಣದ ಸೆಲ್ಯುಲೋಸ್ ನೈಟ್ರೇಟಿನ ಪದರ. ದಪ್ಪ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಡಬ್ಬಿಯ ಬಾಯಿಯಲ್ಲಿರುವ ಶೋಧಕದ ಮೂಲಕ ಅನಿಲ ಮಾತ್ರ ಒಳಗೆ ಹೋಗುತ್ತದೆ. ಒಳಗೆ ರೇಡಾನ್ ಒಡೆದಾಗ ಹಾರುವ ಆಲ್ಫಾ ಕಣ ಫಿಲ್ಮಿಗೆ ತಾಗಿ ಕಣ್ಣಿಗೆ ಕಾಣದ ಗಾಯ ಮಾಡುತ್ತದೆ. ತೊಂಬತ್ತು ದಿನ ಹೀಗೆ ಗಾಯಗಳು ಸೇರುತ್ತ ಹೋಗುತ್ತವೆ. ಆಮೇಲೆ ಪ್ರಯೋಗಾಲಯದಲ್ಲಿ ಆ ತುಂಡನ್ನು 60 ಡಿಗ್ರಿ ಬಿಸಿಯ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಒಂದೂವರೆ ಗಂಟೆ ಇಡುತ್ತಾರೆ. ಗಾಯವಾದ ಕಡೆ ಪದರ ಬೇಗ ಕರಗಿ ತೂತು ಬೀಳುತ್ತದೆ. ತೊಳೆದು ಒಣಗಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕೆಂಪು ಹಿನ್ನೆಲೆಯಲ್ಲಿ ಬೆಳ್ಳನೆಯ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಆ ಕೋಣೆಯ ಗಾಳಿಯಲ್ಲಿ ಒಡೆದ ಒಂದು ಪರಮಾಣುವಿನ ಗುರುತು. ಚದರ ಸೆಂಟಿಮೀಟರಿಗೆ ಎಷ್ಟು ಚುಕ್ಕೆ ಎಂದು ಎಣಿಸಿ ಬೆಕೆರೆಲ್‌ಗೆ ತಿರುಗಿಸುತ್ತಾರೆ. ಕರೆಂಟು ಬೇಡ, ಶಬ್ದವಿಲ್ಲ, ಡಬ್ಬಿಯಿಂದ ಮನೆಯವರಿಗೆ ಏನೂ ಅಪಾಯವಿಲ್ಲ. ಬಿ.ಎಸ್ಸಿ. ವಿದ್ಯಾರ್ಥಿಗಳು ಒಂದು ವಾರದಲ್ಲಿ ಕಲಿಯಬಹುದಾದ ಕೆಲಸ ಇದು.

ತೂಗುಹಾಕುವುದು ಮಲಗುವ ಕೋಣೆಯಲ್ಲಿ, ಮನುಷ್ಯ ಉಸಿರಾಡುವ ಎತ್ತರದಲ್ಲಿ, ಗೋಡೆಯಿಂದ ದೂರ. ಗೋಡೆಗೆ ಅಂಟಿಸಿದರೆ ಥೋರಿಯಂನಿಂದ ಹುಟ್ಟುವ ಥೋರಾನ್ ಎಂಬ ಇನ್ನೊಂದು ಅನಿಲ, ಒಂದು ನಿಮಿಷವೂ ಬಾಳದಿದ್ದರೂ, ಲೆಕ್ಕ ಕೆಡಿಸುತ್ತದೆ. ಡಬ್ಬಿ ಇದೆಯೆಂದು ಕಿಟಕಿ ತೆರೆಯುವ ಮುಚ್ಚುವ ಅಭ್ಯಾಸ ಬದಲಾಯಿಸಬೇಡಿ; ನೀವು ಇರುವ ಹಾಗೆ ಇದ್ದರೇ ಅಳತೆಗೆ ಅರ್ಥ. ನವೆಂಬರಿನಿಂದ ಫೆಬ್ರವರಿಯ ಚಳಿಯಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಇಟ್ಟರೆ ಒಳ್ಳೆಯದು. ಕೈಯಲ್ಲಿ ಹಿಡಿಯುವ ಡಿಜಿಟಲ್ ಮೀಟರುಗಳೂ ಈಗ ಸಿಗುತ್ತವೆ. ಒಂದು ರಾತ್ರಿಯ ಅಂಕಿ ನೋಡಿ ಗಾಬರಿಯಾಗುವುದೂ ಬೇಡ, ನೆಮ್ಮದಿಯಾಗುವುದೂ ಬೇಡ. ತಿಂಗಳುಗಳ ಸರಾಸರಿ ನೋಡಬೇಕು. ನೀರಿನ ಮಾದರಿ ಹಿಡಿಯುವಾಗ ಇನ್ನೂ ಎಚ್ಚರ. ಬೋರಿನ ನೀರನ್ನು ಸ್ವಲ್ಪ ಹೊತ್ತು ಬಿಟ್ಟು, ನಲ್ಲಿಗೆ ಕೊಳವೆ ಸಿಕ್ಕಿಸಿ ಅದರ ತುದಿಯನ್ನು ಸೀಸೆಯ ತಳಕ್ಕೆ ಇಳಿಸಿ, ನೊರೆಯೇಳದಂತೆ ತುಂಬಿ ತುಳುಕಿಸಿ, ಒಂದು ಗುಳ್ಳೆಯೂ ಉಳಿಯದ ಹಾಗೆ ಬಿರಡೆ ಹಾಕಬೇಕು. ಅಂದೇ ಪ್ರಯೋಗಾಲಯಕ್ಕೆ ಕೊಡಬೇಕು. ನಾಲ್ಕು ದಿನ ತಡವಾದರೆ ಅರ್ಧಕ್ಕಿಂತ ಹೆಚ್ಚು ರೇಡಾನ್ ಸೀಸೆಯೊಳಗೇ ಮುಗಿದಿರುತ್ತದೆ.

ಅಂಕಿ ಹೆಚ್ಚು ಬಂತು, ಏನು ಮಾಡುವುದು? ಮನೆ ಮಾರಬೇಕಿಲ್ಲ. ನೂರರ ಆಸುಪಾಸಿನಲ್ಲಿದ್ದರೆ ನೆಲದ ಬಿರುಕು, ಪೈಪು ಹಾದುಬಂದ ಸಂದುಗಳನ್ನು ಮುಚ್ಚಿಸಿ, ಎದುರುಬದುರು ಕಿಟಕಿ ತೆರೆದಿಟ್ಟು, ಬಚ್ಚಲಿಗೆ ಎಕ್ಸಾಸ್ಟ್ ಹಾಕಿಸಿ ಮತ್ತೆ ಅಳೆಯಿರಿ. ಅದಕ್ಕೂ ಬಗ್ಗದಿದ್ದರೆ ಪೆನ್ಸಿಲ್ವೇನಿಯಾದ ಆ ಮನೆಗೆ ಮಾಡಿದ್ದನ್ನೇ ಮಾಡುವುದು: ನೆಲಕ್ಕೆ ಒಂದು ತೂತು ಕೊರೆದು ನಾಲ್ಕಂಗುಲದ ಪಿವಿಸಿ ಪೈಪು ಇಳಿಸಿ, ತಾರಸಿಯವರೆಗೆ ಒಯ್ದು, ಸಣ್ಣ ಫ್ಯಾನಿನಿಂದ ನೆಲದಡಿಯ ಗಾಳಿಯನ್ನು ಆಕಾಶಕ್ಕೆ ಬಿಡುವುದು. ಹೊಸದಾಗಿ ಕಟ್ಟುವವರಿಗೆ ಇದು ಇನ್ನೂ ಸುಲಭ. ಪಾಯ ತುಂಬಿಸುವಾಗಲೇ ಮೇಸ್ತ್ರಿಗೆ ಹೇಳಿ: ಕಾಂಕ್ರೀಟಿನ ಕೆಳಗೆ ದಪ್ಪ ಜಲ್ಲಿಯ ಒಂದು ಪದರ, ಅದರ ಮೇಲೆ ಹರಿಯದ ಪ್ಲಾಸ್ಟಿಕ್ ಹಾಳೆ, ಜಲ್ಲಿಯಿಂದ ತಾರಸಿಗೆ ಒಂದು ಪೈಪು. ಒಟ್ಟು ಖರ್ಚಿನಲ್ಲಿ ಅದು ಕಾಣುವುದೂ ಇಲ್ಲ. ನಕ್ಷೆಗೆ ಮಂಜೂರಾತಿ ಕೊಡುವಾಗ ಮಳೆಕೊಯ್ಲನ್ನು ಕಡ್ಡಾಯ ಮಾಡಿದ ಊರಿಗೆ ಇದನ್ನೂ ಸೇರಿಸುವುದು ಕಷ್ಟವಾಗಬಾರದು.

ನನ್ನ ಕೋರಿಕೆ ಇಷ್ಟು. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ಭೌತಶಾಸ್ತ್ರ ಕಲಿಸುವ ಕಾಲೇಜುಗಳಿಗೆ ಕೊರತೆಯಿಲ್ಲ. ಫಿಲ್ಮು ತೊಳೆಯುವ, ಎಣಿಸುವ ಅನುಭವ ಜ್ಞಾನಭಾರತಿಯಲ್ಲೂ ಮಾನಸಗಂಗೋತ್ರಿಯಲ್ಲೂ ಇದೆ. ಈ ಕಾಲೇಜುಗಳು ಅವರ ನೆರವು ಪಡೆದು ಮೂರೂ ಬಡಾವಣೆಗಳ ವಠಾರಗಳಲ್ಲಿ, ನೆಲಮಹಡಿಯ ಮನೆಗಳಲ್ಲಿ, ವಾಚ್‌ಮನ್ ಕೋಣೆಗಳಲ್ಲಿ, ಬೋರ್ ನೀರಿರುವ ಅಪಾರ್ಟ್‌ಮೆಂಟುಗಳಲ್ಲಿ ಒಂದು ವರ್ಷ ಅಳತೆ ನಡೆಸಲಿ. ಅಂಕಿಗಳನ್ನು ಕನ್ನಡದಲ್ಲಿ ಅಚ್ಚುಹಾಕಿ ಆಯಾ ಮನೆಯವರ ಕೈಗೆ ಕೊಡಲಿ. ದತ್ತಿಯವರು ಇಂದು ನನಗೆ ಕೊಡುತ್ತಿರುವ ಗೌರವಧನವನ್ನು ಮೊದಲ ಕಂತಿನ ಫಿಲ್ಮಿಗೆಂದು ಇಲ್ಲೇ ಬಿಟ್ಟುಹೋಗುತ್ತಿದ್ದೇನೆ. ನೆಲಮಹಡಿಯಲ್ಲಿ ವಾಸಿಸುವವರು, ಅದರಲ್ಲೂ ಬಾಡಿಗೆ ಮನೆಯವರು, ಹೊರಡುವ ಮೊದಲು ಬಾಗಿಲ ಬಳಿಯ ಮೇಜಿನ ಮೇಲಿಟ್ಟಿರುವ ಪುಸ್ತಕದಲ್ಲಿ ದಯವಿಟ್ಟು ಹೆಸರು, ವಿಳಾಸ ಬರೆದುಹೋಗಿ.